ಮೇಲಿನ ಅರ್ಧ ಯಾವುದು

ಕಾಗದ ಹರಿದದ್ದು ಅಡ್ಡಕ್ಕೆ. ಯಾರೋ ಆ ಪುಸ್ತಕವನ್ನು ನಡುವೆ ಮಡಚಿ ತಗಡಿನ ಪೆಟ್ಟಿಗೆಗೆ ತುರುಕಿದ್ದರು. ನೂರೈವತ್ತಕ್ಕೂ ಹೆಚ್ಚು ವರ್ಷ ಅದು ಹಾಗೇ ಬಿದ್ದಿತ್ತು, ಅದರ ನಡುವೆ ಯಾವಾಗಲೋ ನೆಲಮಾಳಿಗೆಗೆ ನೀರು ನುಗ್ಗಿತ್ತು. ಮಡಿಕೆಯ ಗೆರೆ ಕೊಳೆತು ಒಂದೊಂದು ಹಾಳೆಯೂ ಎರಡೆರಡು ತುಂಡಾಗಿತ್ತು. ನನ್ನ ಮೇಜಿಗೆ ಬರುವ ಹೊತ್ತಿಗೆ ಅದು ಪುಸ್ತಕವಾಗಿ ಉಳಿದಿರಲಿಲ್ಲ. ತೊಂಬತ್ತು ಚಿಲ್ಲರೆ ಅರ್ಧ ಹಾಳೆಗಳು, ಒಂದೊಂದಕ್ಕೂ ಒಂದೊಂದು ಲಕೋಟೆ, ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಸಂಖ್ಯೆ.

ನಾನು ಜರ್ಮನಿಯ ಯೇನಾ ಊರಿನ ಒಂದು ಪ್ರಯೋಗಾಲಯದಲ್ಲಿ ಅಳಿಸಿಹೋದ ಬರಹವನ್ನು ಬೆಳಕಿನಿಂದ ಓದುವ ಕೆಲಸ ಮಾಡುತ್ತೇನೆ. ಕೇಳುವುದಕ್ಕೆ ದೊಡ್ಡದು, ಮಾಡುವುದಕ್ಕೆ ಬೇಸರದ್ದು. ಹಾಳೆಯನ್ನು ಕ್ಯಾಮೆರಾದ ಕೆಳಗೆ ಮಲಗಿಸಿ, ಕೋಣೆ ಕತ್ತಲು ಮಾಡಿ, ಒಂದೊಂದೇ ಬಣ್ಣದ ಬೆಳಕು ಬಿಟ್ಟು ಒಂದೊಂದು ಚಿತ್ರ ತೆಗೆಯಬೇಕು. ನೇರಳಾತೀತದಿಂದ ಶುರುವಾಗಿ ನೀಲಿ, ಹಸಿರು, ಕೆಂಪು ದಾಟಿ ಕಣ್ಣಿಗೆ ಕಾಣದ ಅವಕೆಂಪಿನವರೆಗೆ, ತುಂಡಿಗೆ ಹದಿನಾರು ಚಿತ್ರ. ಆ ಕಾಲದ ಮಸಿಯಲ್ಲಿ ಕಬ್ಬಿಣ ಇರುತ್ತಿತ್ತು. ನೇರಳಾತೀತ ಬಿಟ್ಟರೆ ಕಾಗದ ಹೊಳೆಯುತ್ತದೆ, ಮಸಿ ಕಪ್ಪಾಗಿ ಎದ್ದು ಕಾಣುತ್ತದೆ. ಅವಕೆಂಪಿಗೆ ಹೋದರೆ ಅದೇ ಮಸಿ ಮಾಯ, ಬರೀ ಕಲೆ ಉಳಿಯುತ್ತದೆ. ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ಕಲೆ ಕಳೆದರೆ ಅಕ್ಷರ ಬರುತ್ತದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅನ್ನುತ್ತಾರೆ ನಮ್ಮ ಕಡೆ. ಇಲ್ಲಿ ಕೂದಲನ್ನು ಇಟ್ಟುಕೊಂಡು ಬೆಣ್ಣೆಯನ್ನು ಎಸೆಯುವುದು, ಅಷ್ಟೇ ವ್ಯತ್ಯಾಸ.

ಪೆಟ್ಟಿಗೆ ಒಬ್ಬ ಬ್ರಿಟಿಷ್ ನೌಕಾ ಅಧಿಕಾರಿಯದು. ಯೋಜನೆಯಲ್ಲಿ ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಹದಿಮೂರನೆಯ ವಯಸ್ಸಿಗೆ ಹಡಗು ಹತ್ತಿದವನು. ಶಿಫಾರಸು ಮಾಡುವ ಚಿಕ್ಕಪ್ಪಂದಿರು ಇರಲಿಲ್ಲವಾದ್ದರಿಂದ ಬಡ್ತಿ ನಿಧಾನ. ಯುದ್ಧವಿಲ್ಲದ ಕಾಲದಲ್ಲಿ ಅರ್ಧ ಸಂಬಳಕ್ಕೆ ದಂಡೆಯ ಮೇಲೆ ಆರೇಳು ವರ್ಷ ಕೂತ. ಆಮೇಲೆ ಕರಾವಳಿಯ ಆಳ ಅಳೆದು ನಕ್ಷೆ ಬರೆಯುವ ಒಂದು ಸಣ್ಣ ಹಡಗು ಸಿಕ್ಕಿತು. ಆ ಹಡಗಿನಿಂದ ಒಂದು ಮಧ್ಯಾಹ್ನ ಮರಳದಿಬ್ಬದ ಆಳ ನೋಡಿಕೊಂಡು ಬರಲು ದೋಣಿಯಲ್ಲಿ ಆರು ಜನರನ್ನು ಕಳಿಸಿದ. ಮಂಜು ಕವಿಯಿತು. ದೋಣಿ ವಾಪಸು ಬರಲಿಲ್ಲ. ಕೊನೆಗೆ ಹಡಗು ಲಂಗರೆತ್ತಿ ಹೊರಟಿತು.

ವಿಚಾರಣೆ ನಡೆಯಿತು. ಎರಡು ರಾತ್ರಿ ಕಾದೆ, ಗಂಟೆಗೊಂದು ಫಿರಂಗಿ ಹಾರಿಸಿದೆ, ಕುಡಿಯುವ ನೀರು ಮುಗಿಯುತ್ತ ಬಂದಾಗ ಹೊರಟೆ ಎಂದು ಕ್ಯಾಪ್ಟನ್ ಹೇಳಿದ. ಬಿಟ್ಟುಬಿಟ್ಟರು. ಮುಂದೆ ಅವನು ನೌಕಾಪಡೆ ತೊರೆದು ಒಂದು ಬಂದರು ಪಟ್ಟಣದಿಂದ ಪಾರ್ಲಿಮೆಂಟಿಗೆ ನಿಂತಾಗ ಎದುರಾಳಿಗಳು ಸಭೆಯಲ್ಲೇ ಆ ಆರು ಜನರ ಲೆಕ್ಕ ಕೇಳಿದರಂತೆ. ಎರಡು ರಾತ್ರಿ ಕಾದೆ ಎಂಬುದೇ ಅವನ ಉತ್ತರ. ಜನ ಚಪ್ಪಾಳೆ ತಟ್ಟಿ ಗೆಲ್ಲಿಸಿದರು. ಅಲ್ಲಿಂದ ಮುಂದಿನ ಭಾಷಣಗಳಲ್ಲೆಲ್ಲ ಆ ಮಾತು ಇತ್ತು. ದೀಪಸ್ತಂಭಗಳಿಗಾಗಿ, ರಕ್ಷಣಾ ದೋಣಿಗಳಿಗಾಗಿ ಜಗಳವಾಡಿದ. ಒಳ್ಳೆಯವನೇ ಅಂದುಕೊಳ್ಳುವಷ್ಟರಲ್ಲಿ, ನಾವಿಕರಿಗೆ ಚಾಟಿಯೇಟು ಕೊಡುವುದನ್ನು ನಿಲ್ಲಿಸಬಾರದು ಎಂದು ಕೊನೆಯವರೆಗೂ ಮತ ಹಾಕಿದವನೂ ಅವನೇ. ಅವನ ಮಗಳು ಥುರಿಂಗಿಯಾದ ಗಾಜಿನ ವ್ಯಾಪಾರಿಯೊಬ್ಬನನ್ನು ಮದುವೆಯಾಗಿ ಇತ್ತ ಬಂದಳು. ಪೆಟ್ಟಿಗೆ ಅವಳ ಹಿಂದೆ ಬಂತು.

ಪೆಟ್ಟಿಗೆಯಲ್ಲಿ ಇದ್ದದ್ದು ಕ್ಯಾಪ್ಟನ್ ಬರೆದ ದಿನಚರಿಯಲ್ಲ. ಹಡಗಿನ ದಾರಿಯ ಲೆಕ್ಕ ಇಡುವವನನ್ನು ಮಾಸ್ಟರ್ ಅನ್ನುತ್ತಿದ್ದರು. ಅವನ ಕಚ್ಚಾ ಪುಸ್ತಕ. ಗಂಟೆ, ಗಾಳಿ, ದಿಕ್ಕು, ಆಳ, ಕೊನೆಯಲ್ಲಿ ಒಂದೆರಡು ಸಾಲು ಮಾತು. ಕ್ಯಾಪ್ಟನ್ನನ ಅಚ್ಚುಕಟ್ಟಾದ ದಿನಚರಿ ಲಂಡನ್ನಿನಲ್ಲಿದೆ, ಅದನ್ನು ಎಲ್ಲರೂ ಓದಿದ್ದಾರೆ. ಇದನ್ನು ಯಾರೂ ಓದಿರಲಿಲ್ಲ.

ಓದಿಸುವ ಜವಾಬ್ದಾರಿ ಯೋಜನೆಯ ಇತಿಹಾಸಕಾರ್ತಿಯದು. ನಲವತ್ತು ದಾಟಿದ ಹೆಂಗಸು, ಹಳೆಯ ಪಾರ್ಲಿಮೆಂಟಿನ ಚುನಾವಣೆಗಳ ಬಗ್ಗೆ ಪುಸ್ತಕ ಬರೆದವರು, ನನ್ನನ್ನು ಕೊನೆಯವರೆಗೂ ಬಹುವಚನದಲ್ಲೇ ಮಾತಾಡಿಸಿದವರು. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಗುತ್ತಿಗೆಯ ಮೇಲೆ ಇಷ್ಟು ವರ್ಷ ಎಂದು ಮಿತಿ ಇದೆ. ಅದರೊಳಗೆ ಕಾಯಂ ಆಗಬೇಕು, ಇಲ್ಲವಾದರೆ ಹೊರಗೆ. ಅವರ ಮಿತಿ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಒಂದು ಕಾಯಂ ಹುದ್ದೆ ಖಾಲಿ ಇತ್ತು, ಅದಕ್ಕೆ ಅರ್ಜಿ ಹಾಕಿದ್ದರು. ಈ ತೊಂಬತ್ತು ಚಿಲ್ಲರೆ ತುಂಡುಗಳ ಮೇಲೆ ಅವರು ಕೂತಿದ್ದರು ಅಂದರೆ ತಪ್ಪಲ್ಲ.

ಜನವರಿಯ ಒಂದು ಗುರುವಾರ ಗದಗಿನಲ್ಲಿ ನನ್ನ ತಂಗಿ ತೀರಿಕೊಂಡಳು. ಮೆದುಳಿನಲ್ಲಿ ರಕ್ತಸ್ರಾವ. ಅಡುಗೆಮನೆಯಲ್ಲಿ ಬಿದ್ದವಳು ಏಳಲಿಲ್ಲ. ಅಲ್ಲಿ ಸಂಜೆ ಏಳು, ಇಲ್ಲಿ ಮಧ್ಯಾಹ್ನ ಎರಡೂವರೆ. ನಾನು ಹದಿನೇಳನೆಯ ತುಂಡನ್ನು ಕ್ಯಾಮೆರಾದ ಕೆಳಗೆ ಇಡುತ್ತಿದ್ದೆ. ಎಷ್ಟು ಬೇಗ ಹೊರಟರೂ ನಾನು ಮುಟ್ಟುವುದು ಶನಿವಾರವಾಗುತ್ತಿತ್ತು. ನಮ್ಮಲ್ಲಿ ಅಷ್ಟು ಹೊತ್ತು ಇಡುವುದಿಲ್ಲ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಮಣ್ಣು ಮಾಡಿದರು. ನಾನು ಹೋಗಲಿಲ್ಲ. ರಜೆಯ ಅರ್ಜಿಯಲ್ಲಿ ತೀರಿಕೊಂಡ ತಾರೀಕು ತುಂಬಿ, ವಾರದ ಮುಂದೆ ಗುರುವಾರ ಎಂದು ಬರೆದೆ.

ಅವ್ವ ಫೋನಿನಲ್ಲಿ ಶುಕ್ರವಾರ ಅಂದಳು. ಶುಕ್ರವಾರ ಹೋದವಳು ಪುಣ್ಯವಂತೆ ಅಂದಳು. ನಾನು ಗುರುವಾರ ಸಂಜೆ ಅಲ್ಲವೇನವ್ವಾ ಅಂದೆ. ಅದನ್ನು ಯಾಕೆ ತಿದ್ದಲು ಹೋದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಹೊತ್ತು ಮುಳುಗಿದ ಮ್ಯಾಲೆ ಬೇಸ್ತವಾರ ಎಲ್ಲಿಂದ ಬರ್ತೈತಪಾ? ಮಗ್ರಿಬ್ ಆಗಿತ್ತು. ಜುಮ್ಮಾ ಹತ್ತಿತ್ತು," ಅಂದಳು.

ನಾನು ಹ್ಞೂಂ ಅಂದೆ. ಅಳು ಬರಲಿಲ್ಲ. ಬರುತ್ತದೆ ಎಂದು ಎರಡು ದಿನ ಮನೆಯಲ್ಲಿ ಕೂತೆ. ಬರಲಿಲ್ಲವಾದ್ದರಿಂದ ಸೋಮವಾರ ಕೆಲಸಕ್ಕೆ ಹೋದೆ.

ಆ ಸೋಮವಾರವೇ ಇತಿಹಾಸಕಾರ್ತಿ ನನ್ನ ಕೋಣೆಗೆ ಬಂದರು. ದೋಣಿ ಹೋದ ದಿನದ ತುಂಡು ಸ್ಪಷ್ಟವಾಗಿ ಬಂದಿತ್ತು. ಎಡ ಅಂಚಿನಲ್ಲಿ ಮಂಗಳವಾರದ ತಾರೀಕು, ಪಕ್ಕದಲ್ಲಿ ಮಧ್ಯಾಹ್ನದ ಗುರುತು, ಮೂರನೆಯ ಗಂಟೆಯ ಸಾಲಿನಲ್ಲಿ ದೋಣಿ ಹೊರಟದ್ದು, ಕೆಳಗೆ ಹೋದವರ ಹೆಸರು. ಹಡಗು ಹೊರಟ ತುಂಡೂ ಬಂದಿತ್ತು: ಬುಧವಾರ, ಬೆಳಗಿನ ಗುರುತು, ಎಂಟನೆಯ ಗಂಟೆ. ಕ್ಯಾಪ್ಟನ್ನನ ದಿನಚರಿಯಲ್ಲೂ ಹಡಗು ಹೊರಟದ್ದು ಬುಧವಾರ ಎಂಟಕ್ಕೇ. ಆದರೆ ದೋಣಿ ಹೋದದ್ದು ಅವನಲ್ಲಿ ಸೋಮವಾರ ಮಧ್ಯಾಹ್ನ, ಮಾಸ್ಟರನಲ್ಲಿ ಮಂಗಳವಾರ ಮಧ್ಯಾಹ್ನ. ಸೋಮವಾರವಾದರೆ ಎರಡು ರಾತ್ರಿ. ಮಂಗಳವಾರವಾದರೆ ಒಂದೇ.

ಅವರು ಎರಡೂ ಚಿತ್ರಗಳನ್ನು ಇನ್ನೊಮ್ಮೆ ಓದಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಹಳೆಯ ಹಡಗಿನವರಲ್ಲಿ ದಿನವನ್ನು ನಡುಮಧ್ಯಾಹ್ನದಿಂದ ಎಣಿಸುವ ಪದ್ಧತಿ ಇತ್ತು, ನೌಕಾಪಡೆ ಅದನ್ನು ಎಂದೋ ಬಿಟ್ಟಿದೆ, ಆದರೂ ಖಾತ್ರಿ ಮಾಡಿಕೊಳ್ಳಬೇಕು ಅಂದರು. ಹಳೆಯ ಪದ್ಧತಿಯಾದರೆ ಹಾಳೆಯ ಮೇಲಿನ ಅರ್ಧದಲ್ಲಿ ಮಧ್ಯಾಹ್ನದ ಗಂಟೆಗಳು, ಕೆಳಗಿನ ಅರ್ಧದಲ್ಲಿ ಬೆಳಗಿನ ಗಂಟೆಗಳು ಇರುತ್ತವೆ.

"ಮೇಲಿನ ಅರ್ಧ ಯಾವುದು? ನೋಡಿದ್ದೀರಾ?" ಎಂದು ಕೇಳಿದರು.

ನಾನು ನೋಡಿರಲಿಲ್ಲ. ಲಕೋಟೆಗಳಿಗೆ ಸಂಖ್ಯೆ ಹಾಕಿದವನು ನಾನೇ. ಎರಡೂ ಅರ್ಧಕ್ಕೆ ಒಂದೇ ತಾರೀಕು ಇದ್ದರೆ ಬೆಳಗಿನದನ್ನು ಮೊದಲು, ಮಧ್ಯಾಹ್ನದ್ದನ್ನು ಆಮೇಲೆ ಇಟ್ಟಿದ್ದೆ. ಬೆಳಿಗ್ಗೆಯ ನಂತರ ಮಧ್ಯಾಹ್ನ ಬರುತ್ತದೆ, ಇದರಲ್ಲಿ ಯೋಚಿಸುವುದೇನಿದೆ? ಬೆಳಗಿನ ತುಂಡಿನ ತಳದಲ್ಲಿ ನಡುಮಧ್ಯಾಹ್ನ ಸೂರ್ಯನನ್ನು ನೋಡಿ ಬರೆದ ಅಕ್ಷಾಂಶ ಇರುತ್ತಿತ್ತು. ಅದು ಎರಡು ತುಂಡುಗಳ ನಡುವೆ ಬಂದು ಸರಿಯಾಗಿ ಕೂತಹಾಗೆ ಕಾಣುತ್ತಿತ್ತು.

"ಬೆಳಗಿನದು ಮೇಲೆ," ಅಂದೆ.

"ಖಂಡಿತ?"

"ಹೌದು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಎತ್ತು ಈಯಿತು ಅಂದವನೂ ನಾನೇ, ಕಟ್ಟು ಅಂದವನೂ ನಾನೇ. ನಡುವಿನ ಎರಡು ತುಂಡುಗಳು ಇದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಬುಧವಾರದ ಮಧ್ಯಾಹ್ನದ ತುಂಡು ಪೆಟ್ಟಿಗೆಯಲ್ಲೇ ಇರಲಿಲ್ಲ. ಮಂಗಳವಾರ ಬೆಳಗಿನ ತುಂಡು ಬೂಷ್ಟು ಹಿಡಿದು ಕಪ್ಪಾಗಿತ್ತು. ಒಂದು ಸಲ ಚಿತ್ರ ತೆಗೆದು, ಓದಲಾಗದು ಎಂದು ಬರೆದು ಬದಿಗಿಟ್ಟೆ. ಬೇರೆ ಕಾಲದಲ್ಲಾಗಿದ್ದರೆ ನಾನು ಅಂಥ ತುಂಡಿನ ಬೆನ್ನು ಹತ್ತುವವನು, ಮೂರು ದಿನ ಊಟ ಬಿಡುವವನು. ಆಗ ನನಗೆ ಏನೂ ಅನ್ನಿಸಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ನಾನು ಅದರ ಹತ್ತಿರ ಎಲ್ಲೋ ಇದ್ದೆ.

ಫೆಬ್ರವರಿಯಲ್ಲಿ ಇತಿಹಾಸಕಾರ್ತಿ ಲೇಖನ ಬರೆದರು. ಕ್ಯಾಪ್ಟನ್ ದೋಣಿ ಹೊರಟ ತಾರೀಕನ್ನು ಒಂದು ದಿನ ಹಿಂದಕ್ಕೆ ಸರಿಸಿದ, ಒಂದೇ ರಾತ್ರಿ ಕಾದು ಆರು ಜನರನ್ನು ಬಿಟ್ಟು ಹೋದ, ಆಮೇಲಿನ ರಾಜಕೀಯವನ್ನೆಲ್ಲ ಆ ಸುಳ್ಳಿನ ಮೇಲೆ ಕಟ್ಟಿದ, ಮಾಸ್ಟರನ ಪುಸ್ತಕವನ್ನು ಅದಕ್ಕೇ ಬಚ್ಚಿಟ್ಟುಕೊಂಡ. ಲೇಖನ ಬಿಗಿಯಾಗಿತ್ತು. ಪತ್ರಿಕೆಯೊಂದು ಅದರ ಬಗ್ಗೆ ಅರ್ಧ ಪುಟ ಬರೆಯಿತು. ಜುಲೈಯಲ್ಲಿ ಪ್ರದರ್ಶನ ಮಾಡುವುದೆಂದು ತೀರ್ಮಾನವಾಯಿತು. ಅವರ ಹುದ್ದೆಯ ಸಂದರ್ಶನವೂ ಜೂನ್ ಕೊನೆಗೆ ಗೊತ್ತಾಯಿತು. ಆ ದಿನಗಳಲ್ಲಿ ಅವರು ಮೊಗಸಾಲೆಯಲ್ಲಿ ನಡೆಯುವುದೇ ಬೇರೆ ಥರ ಆಗಿತ್ತು.

ಪೆಟ್ಟಿಗೆ ಕೊಟ್ಟವರು ಕ್ಯಾಪ್ಟನ್ನನ ವಂಶದ ಕೊನೆಯವರು, ಎಂಬತ್ತು ದಾಟಿದ ಅಜ್ಜಿ, ಊರ ಹೊರಗಿನ ಹಳ್ಳಿಯಲ್ಲಿ ಒಬ್ಬರೇ ಇದ್ದವರು. ಅವರಿಗೆ ಸುದ್ದಿ ತಿಳಿಸಲು ಇತಿಹಾಸಕಾರ್ತಿಯೇ ಹೋಗಿದ್ದರು. ಅಜ್ಜಿ ಕೇಳಿ, ಇನ್ನೊಂದು ಲೋಟ ಕಾಫಿ ಸುರಿದು, ಮಾತು ಬೇರೆ ಕಡೆ ತಿರುಗಿಸಿದರಂತೆ.

ಪ್ರದರ್ಶನಕ್ಕೆ ಒಂದು ಪರದೆ ಬೇಕಿತ್ತು, ಅದರ ಮೇಲೆ ಹಡಗು ಹೋದ ದಾರಿ ಓಡಬೇಕು. ಅದು ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ನಾವು ಪೂರ್ತಿ ಓದಿದ್ದು ಲಂಗರು ಹಾಕಿದ್ದ ಆ ನಾಲ್ಕು ದಿನಗಳನ್ನು ಮಾತ್ರ. ಈಗ ಅದಕ್ಕೂ ಹಿಂದಿನ ಮೂರು ವಾರದ ತುಂಡುಗಳಿಂದ ಗಂಟೆಗಂಟೆಯ ವೇಗ, ದಿಕ್ಕು, ಹಡಗು ಇದ್ದ ಜಾಗ ತೆಗೆದು ಕಂಪ್ಯೂಟರಿಗೆ ಉಣಿಸಿದೆ. ಹಡಗು ಹೊರಟಿತು. ಮಧ್ಯಾಹ್ನವಾಗುತ್ತಲೇ ಹಿಂದಕ್ಕೆ ಜಿಗಿಯಿತು. ಮಧ್ಯರಾತ್ರಿಗೆ ಮುಂದಕ್ಕೆ ಜಿಗಿಯಿತು. ಮರುದಿನವೂ ಹಾಗೇ. ಕುಡಿದವನು ಮನೆಗೆ ಹೋಗುವ ಹಾಗೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಮಾಸ್ಟರ್ ಸೋಮಾರಿ ಇರಬೇಕು ಅಂದುಕೊಂಡು, ಜಿಗಿತಗಳನ್ನು ಸರಾಸರಿ ತೆಗೆದು ನಯ ಮಾಡುವ ಒಂದು ಫಿಲ್ಟರ್ ಹಾಕಿದೆ. ಗೆರೆ ಚೆಂದವಾಗಿ ಬಂತು. ಎಲ್ಲರೂ ಮೆಚ್ಚಿದರು. ಈ ಮಾತು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹದಿಮೂರು ವರ್ಷ ಈ ಕಸುಬಿನಲ್ಲಿದ್ದವನು ತಪ್ಪು ಎದ್ದುಬಂದು ಮುಖಕ್ಕೆ ಹೊಡೆದಾಗ ಅದರ ಮೇಲೆ ಬಟ್ಟೆ ಹೊದಿಸಿದೆ.

ಎರಡು ವಾರ ಕಳೆದ ಮೇಲೆ, ಜೂನಿನ ಒಂದು ಗುರುವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಅವ್ವನ ಫೋನು ಬಂತು. ಇವತ್ತು ಜುಮ್ಮಾ ರಾತ್ರಿ, ಹೊತ್ತು ಮುಳುಗಿದ ಮೇಲೆ ತಂಗಿಯ ಹೆಸರಿನಲ್ಲಿ ಕುರಾನಿನ ಯಾಸೀನ್ ಓದಿಸುತ್ತೇವೆ, ನೀನೂ ಅಲ್ಲಿ ಓದು ಅಂದಳು. ಗುರುವಾರದ ಸಂಜೆಗೆ ಜುಮ್ಮಾ ರಾತ್ರಿ ಅನ್ನುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಮ್ಮ ಮನೆಯಲ್ಲಿ ದಿನ ಸಂಜೆಗೆ ಹುಟ್ಟುತ್ತದೆ. ರಾತ್ರಿ ಮೊದಲು, ಹಗಲು ಆಮೇಲೆ. ರಂಜಾನಿನ ಮೊದಲ ರಾತ್ರಿ ಮೊದಲ ರೋಜಾಕ್ಕಿಂತ ಮುಂಚೆ ಬರುವುದು ಮೂರು ವರ್ಷದ ಮಗುವಿಗೂ ಗೊತ್ತು. ಫೋನು ಇಟ್ಟು ಪರದೆ ನೋಡಿದೆ. ಫಿಲ್ಟರ್ ತೆಗೆದೆ. ಹಡಗು ಮತ್ತೆ ಜಿಗಿಯತೊಡಗಿತು. ಪ್ರತಿ ತಾರೀಕಿನಲ್ಲೂ ಮಧ್ಯಾಹ್ನದ ತುಂಡನ್ನು ಬೆಳಗಿನ ತುಂಡಿಗಿಂತ ಮೊದಲು ಇಟ್ಟೆ. ಹಡಗು ಮೂರು ವಾರ ಒಂದೇ ಒಂದು ಸಲವೂ ಜಿಗಿಯದೆ ಹೋಗಿ ಮರಳದಿಬ್ಬದ ಮುಂದೆ ನಿಂತಿತು.

ಮಾಸ್ಟರ್ ಹಳೆಯ ಪದ್ಧತಿಯವನು. ವ್ಯಾಪಾರಿ ಹಡಗುಗಳಲ್ಲಿ ಕಲಿತು ಬಂದಿರಬೇಕು. ಅವನ ಮಂಗಳವಾರ ಹುಟ್ಟಿದ್ದು ನಮ್ಮ ಸೋಮವಾರದ ಮಧ್ಯಾಹ್ನ. ಕ್ಯಾಪ್ಟನ್ ಬರೆದದ್ದೂ ಸರಿ, ಮಾಸ್ಟರ್ ಬರೆದದ್ದೂ ಸರಿ. ದೋಣಿ ಹೋದದ್ದು ಸೋಮವಾರವೇ.

ಲಕೋಟೆಗಳನ್ನು ತೆರೆದೆ. ಹರಿದ ಅಂಚುಗಳು ಮೆತ್ತಗಾಗಿ ಸವೆದಿದ್ದವು, ಕಣ್ಣಿಗೆ ಹೊಂದಿಕೆ ಕಾಣುತ್ತಿರಲಿಲ್ಲ. ಪಕ್ಕದಿಂದ ಓರೆಬೆಳಕು ಬಿಟ್ಟು ದೊಡ್ಡದು ಮಾಡಿ ನೋಡಿದರೆ ಮಧ್ಯಾಹ್ನದ ತುಂಡಿನ ಕೆಳ ಅಂಚಿನ ಎಳೆ ಬೆಳಗಿನ ತುಂಡಿನ ಮೇಲಂಚಿಗೆ ಹಲ್ಲಿಗೆ ಹಲ್ಲು ಕೂತಿತು. ಹನ್ನೊಂದು ಹಾಳೆ ನೋಡಿದೆ, ಹನ್ನೊಂದೂ ಹಾಗೇ. ಜನವರಿಯಲ್ಲಿ ಇದಕ್ಕೆ ಅರ್ಧ ಗಂಟೆ ಸಾಕಿತ್ತು.

ಆಮೇಲೆ ಆ ಬೂಷ್ಟು ಹಿಡಿದ ತುಂಡು. ಮುಂದಿನಿಂದ ಬೆಳಕು ಹಾಕಿ ಪ್ರಯೋಜನವಿರಲಿಲ್ಲ, ಹಾಳೆಯ ಹಿಂದಿನಿಂದ ಹಾಯಿಸಿದೆ. ಕಬ್ಬಿಣದ ಮಸಿ ಕಾಗದವನ್ನು ನಿಧಾನಕ್ಕೆ ತಿನ್ನುತ್ತದೆ. ಅಕ್ಷರವಿದ್ದಲ್ಲಿ ಕಾಗದ ತೆಳು. ಅವಕೆಂಪಿಗೆ ಬೂಷ್ಟು ದಾರಿ ಬಿಟ್ಟಿತು, ತೆಳುವಾದ ಗೆರೆಗಳು ಬೆಳಗಿದವು. ಎರಡು ದಿನ ಹಿಡಿಯಿತು. ಐದನೆಯ ಗಂಟೆ: ಫಿರಂಗಿ, ದೋಣಿಯ ಸುಳಿವಿಲ್ಲ. ಆರನೆಯ ಗಂಟೆ: ಫಿರಂಗಿ, ಸುಳಿವಿಲ್ಲ. ಏಳು, ಎಂಟು, ಒಂಬತ್ತು, ಹಾಗೇ. ಮಂಗಳವಾರ ಬೆಳಿಗ್ಗೆ ಅವರು ಆಗಲೇ ಕಾಯುತ್ತಿದ್ದರು. ಎಲ್ಲವೂ ಮುಗಿದ ಮೇಲೆ ಕುರ್ಚಿಗೆ ಒರಗಿದೆ. ಸಂತೋಷವಾಗಬೇಕಿತ್ತು, ಹೆದರಿಕೆಯಾದರೂ ಆಗಬೇಕಿತ್ತು. ಹಸಿವಾಗಿದೆ ಅನ್ನುವುದೊಂದೇ ತಿಳಿಯಿತು.

ಸಂದರ್ಶನಕ್ಕೆ ಹತ್ತು ದಿನ ಇತ್ತು.

ಶನಿವಾರ ಬಾಗಲಕೋಟೆಯ ಗೆಳೆಯನಿಗೆ ಹೇಳಿದೆ. ಅವನು ಇಲ್ಲೇ ಒಂದು ಮಸೂರದ ಕಾರ್ಖಾನೆಯಲ್ಲಿ ಎಂಜಿನಿಯರು, ನಾವಿಬ್ಬರೂ ಎಂಟು ವರ್ಷದಿಂದ ಶನಿವಾರ ಒಟ್ಟಿಗೆ ಸಂತೆ ಮಾಡುವವರು. ಅವನು ಬದನೆಕಾಯಿ ಒತ್ತಿ ನೋಡುತ್ತ ಎಲ್ಲ ಕೇಳಿದ.

"ಸಂದರ್ಶನ ಮುಗೀಲಿ, ಆಮ್ಯಾಲೆ ಹೇಳು. ಆಕಿಗೊಂದು ಕಾಯಂ ಕೆಲಸದ ಫೆರ್‌ಟ್ರಾಗ್ ಆಗ್ಲಿ ಮೊದಲ. ನೂರೈವತ್ತು ವರ್ಷದ ಹಿಂದ ಸತ್ತಾವ ಎದ್ದು ಬಂದು ಕೇಳ್ತಾನೇನು ನಿನ್ನ?"

ಅದು ತಪ್ಪು ಮಾತಾಗಿರಲಿಲ್ಲ. ನನ್ನ ಗುತ್ತಿಗೆಯೂ ವರ್ಷದ ಕೊನೆಗೆ ಮುಗಿಯುತ್ತದೆ, ಈ ದೇಶದಲ್ಲಿ ಇರಲು ಕೊಡುವ ಔಫೆಂಟ್‌ಹಾಲ್ಟ್ ಚೀಟಿ ಅದಕ್ಕೇ ಅಂಟಿಕೊಂಡಿದೆ, ಅದನ್ನೂ ನೆನಪಿಸಿದ. ಹತ್ತು ದಿನ ಬಾಯಿ ಮುಚ್ಚಿಕೊಂಡರೆ ಒಬ್ಬ ಹೆಂಗಸಿಗೆ ಜೀವಮಾನದ ಕೆಲಸ. ಯಾರಿಗೂ ನಷ್ಟವಿಲ್ಲ. ಭಾನುವಾರ ಪೂರ್ತಿ ಅದನ್ನೇ ಅಳೆದೂ ಸುರಿದೂ ನೋಡಿದೆ. ಸೋಮವಾರ, ಮಂಗಳವಾರ ಅವರನ್ನು ಮೊಗಸಾಲೆಯಲ್ಲಿ ಕಂಡು ನಮಸ್ಕಾರ ಹೇಳಿ ದಾಟಿದೆ.

ಬುಧವಾರ ಅವರು ಸಂದರ್ಶನದಲ್ಲಿ ತೋರಿಸುವ ಚಿತ್ರಗಳನ್ನು ಕೇಳಿ ಕಳಿಸಿದರು. ದೋಣಿ ಹೋದ ತುಂಡು ದೊಡ್ಡದಾಗಿ ಬೇಕು, ಅದರ ಮೇಲೆ ಬೆಳಗಿನ ತುಂಡು ಕೂರಿಸಿ ಕೊಡಿ ಎಂದು ಬರೆದಿದ್ದರು. ಎರಡನ್ನೂ ತೆರೆದು, ಸುಳ್ಳೆಂದು ಗೊತ್ತಿರುವ ಕಡೆಗೆ ಮೌಸಿನಿಂದ ಎಳೆಯಲು ಹೋದೆ. ಕೈ ಹೋಗಲಿಲ್ಲ. ಇದರಲ್ಲಿ ದೊಡ್ಡತನವೇನೂ ಇಲ್ಲ. ಸುಮ್ಮನಿರುವುದು ನನ್ನಿಂದ ಆಗುತ್ತಿತ್ತು, ಐದು ತಿಂಗಳಿಂದ ನಾನು ಮಾಡಿದ್ದೂ ಅದನ್ನೇ. ಹರಿದ ಅಂಚು ಹೊಂದದ ಕಡೆ ಹೊಂದಿಸಿ ಕೊಡುವುದು ಆಗಲಿಲ್ಲ. ಆಮೇಲಾದರೆ ಅವರು ಕಾಯಂ ಆಗಿ ಕೂತ ಕುರ್ಚಿಯ ಕೆಳಗೆ ಇದು ಇರುತ್ತದೆ, ಯಾವತ್ತಾದರೂ ಯಾರಾದರೂ ಎಳೆಯುತ್ತಾರೆ. ಆಗ ಸುಳ್ಳು ಹೇಳಿದವರು ಅವರೇ ಆಗುತ್ತಾರೆ. ಕ್ಯಾಪ್ಟನ್ನನಿಗೆ ನಾನು ಮಾಡಿದ್ದು ಅದನ್ನೇ ಅಲ್ಲವೇ.

ಅವರನ್ನು ನನ್ನ ಕೋಣೆಗೆ ಕರೆದೆ. ಬಾಯಲ್ಲಿ ಹೇಳದೆ ಮೊದಲು ಹಾಳೆಗಳನ್ನೇ ಮೇಜಿನ ಮೇಲೆ ಜೋಡಿಸಿ ತೋರಿಸಿದೆ, ಆಮೇಲೆ ಅಂಚುಗಳ ಚಿತ್ರ, ಆಮೇಲೆ ಬೂಷ್ಟಿನ ತುಂಡು. ಅವರು ಓದುವುದರಲ್ಲಿ ನನಗಿಂತ ಚುರುಕು. ಫಿರಂಗಿಯ ಎರಡನೆಯ ಸಾಲಿಗೇ ಕೂತುಬಿಟ್ಟರು.

"ಜನವರಿಯಲ್ಲಿ ನಾನು ಕೇಳಿದಾಗ ನೀವು ಅಂಚು ನೋಡಿದ್ದಿರಾ?"

"ಇಲ್ಲ."

"ಹೌದು ಅಂದಿರಿ."

"ಅಂದೆ."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಎದ್ದು, ಎಲ್ಲ ಚಿತ್ರಗಳನ್ನೂ ಸರಿಯಾದ ಕ್ರಮದಲ್ಲಿ ಸಂಜೆಯೊಳಗೆ ಕಳಿಸಿ ಎಂದಷ್ಟೇ ಹೇಳಿ ಹೋದರು.

ಮರುದಿನ ಲೇಖನ ಹಿಂತೆಗೆದುಕೊಂಡರು. ತಿದ್ದುಪಡಿಯ ಟಿಪ್ಪಣಿ ಬರೆದು ನನಗೆ ಓದಲು ಕಳಿಸಿದರು. ಅದರಲ್ಲಿ ಹಾಳೆಗಳ ಕ್ರಮದ ತಪ್ಪು ತಮ್ಮದೆಂದು ಬರೆದುಕೊಂಡಿದ್ದರು. ನನ್ನ ಹೆಸರು ಹಾಕಿ ಎಂದು ಅವರ ಕೋಣೆಗೆ ಹೋದೆ. ಅವರು ತಲೆ ಎತ್ತಲಿಲ್ಲ. ನಿಮ್ಮ ಮನೆಯಲ್ಲಿ ಸಾವಾಗಿದ್ದು ನನಗೆ ಗೊತ್ತಿತ್ತು, ಆಫೀಸಿನಲ್ಲಿ ಹೇಳಿದ್ದರು, ಅಂಥವರ ಹತ್ತಿರ ಒಂದು ಮಾತು ಕೇಳಿ ಅದನ್ನೇ ನಂಬಿದೆ, ಎದ್ದು ಹೋಗಿ ನೋಡಲಿಲ್ಲ, ಯಾಕೆಂದರೆ ನನಗೆ ಬೇಕಾದ ಉತ್ತರ ಸಿಕ್ಕಿತ್ತು, ಅಂದರು. ನಾನು ಅಲ್ಲೇ ನಿಂತೆ. ಐದು ನಿಮಿಷವಾದ ಮೇಲೆ ಅವರು ನನ್ನ ಹೆಸರಿನ ಕಾಗುಣಿತ ಕೇಳಿದರು. ಈ ಕಸುಬಿನಲ್ಲಿ ನಮ್ಮಂಥವರಿಗೆ ಕೊನೆಯಲ್ಲಿ ತಾಂತ್ರಿಕ ನೆರವು ಎಂದು ಒಂದು ಕೃತಜ್ಞತೆ ಇರುತ್ತದೆ. ನನ್ನ ಹೆಸರು ಅವರ ಹೆಸರಿನ ಪಕ್ಕದಲ್ಲಿ ಅಚ್ಚಾದದ್ದು ತಪ್ಪು ಮಾಡಿದವರ ಪಟ್ಟಿಯಲ್ಲಿ.

ಸಂದರ್ಶನಕ್ಕೆ ಹೋದರು. ಹುದ್ದೆ ಬೇರೆಯವರಿಗಾಯಿತು. ಇದೇ ಕಾರಣಕ್ಕೆ ಎಂದು ಯಾರೂ ಬರೆದುಕೊಡಲಿಲ್ಲ, ಯಾರೂ ಬರೆದುಕೊಡಬೇಕಾಗಿಯೂ ಇರಲಿಲ್ಲ. ನನ್ನ ಗುತ್ತಿಗೆಯನ್ನು ಒಂದು ವರ್ಷ ಮುಂದುವರಿಸಿದರು. ಅದನ್ನು ಹೇಗೆ ಹೊತ್ತುಕೊಳ್ಳಬೇಕೋ ನನಗೆ ತಿಳಿದಿಲ್ಲ.

ಪ್ರದರ್ಶನ ಜುಲೈಯಲ್ಲೇ ಆಯಿತು. ಫಲಕಗಳನ್ನೆಲ್ಲ ಇತಿಹಾಸಕಾರ್ತಿ ಹೊಸದಾಗಿ ಬರೆದರು, ಚಾಟಿಯೇಟಿನ ಮತವನ್ನೂ ಬಿಡಲಿಲ್ಲ. ಮಾಸ್ಟರನ ಪುಸ್ತಕವನ್ನು ಕ್ಯಾಪ್ಟನ್ ಬಚ್ಚಿಟ್ಟದ್ದಲ್ಲ, ತನ್ನ ಮಾತಿಗೆ ಇದ್ದ ಒಂದೇ ಸಾಕ್ಷಿಯೆಂದು ಕಾಪಾಡಿಕೊಂಡಿರಬಹುದು ಎಂದು ಬರೆದರು. ಉದ್ಘಾಟನೆಗೆ ಅಜ್ಜಿ ಬಂದರು. ಕೋಲೂರಿಕೊಂಡು ಒಂದೊಂದೇ ಫಲಕ ಓದಿದರು. ಕೊನೆಯದನ್ನು ಎರಡು ಸಲ ಓದಿ, ಜನ ಚದುರಿದ ಮೇಲೆ ನಮ್ಮಿಬ್ಬರನ್ನು ಬೆಂಚಿನ ಹತ್ತಿರ ಕರೆದರು.

ತಪ್ಪು ಯಾರದು ಎಂದು ಕೇಳಿದರು. ಇತಿಹಾಸಕಾರ್ತಿ ನಮ್ಮದು ಎಂದು ಶುರುಮಾಡುವಷ್ಟರಲ್ಲಿ ನನ್ನದು ಅಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕೈಚೀಲದಿಂದ ಒಂದು ಲಕೋಟೆ ತೆಗೆದರು, ಇಂಗ್ಲೆಂಡಿನ ಅಂಚೆಚೀಟಿ ಇತ್ತು. ಫೆಬ್ರವರಿಯಲ್ಲಿ ಸುದ್ದಿ ತಿಳಿದ ಮೇಲೆ, ಆ ಆರು ಜನ ಯಾವ ಮೀನುಗಾರರ ಊರಿನವರೋ ಆ ಊರಿನ ಚರ್ಚಿಗೆ ತಾವು ಒಂದು ಪತ್ರ ಬರೆದಿದ್ದರಂತೆ: ನಮ್ಮ ಹಿರಿಯ ನಿಮ್ಮವರನ್ನು ಬಿಟ್ಟು ಬಂದ, ನಮ್ಮನ್ನು ಕ್ಷಮಿಸಿ ಎಂದು. ಅಲ್ಲಿಂದ ಉತ್ತರವೂ ಬಂದಿತ್ತು. ಪತ್ರವನ್ನು ಭಾನುವಾರದ ಪ್ರಾರ್ಥನೆಯಲ್ಲಿ ಓದಿದೆವು, ಆ ಮನೆತನಗಳ ಇಬ್ಬರು ಇನ್ನೂ ಇಲ್ಲಿದ್ದಾರೆ ಎಂದು.

ಮಾಡದ ತಪ್ಪಿಗೆ ಎಂಬತ್ತು ದಾಟಿದ ಮುದುಕಿಯ ಕೈಯಲ್ಲಿ ಕ್ಷಮೆ ಕೇಳಿಸಿದ್ದೆ. ಸುಳ್ಳಾಯಿತು ಎಂದು ನಾನೇ ಅವರಿಗೆ ಬರೆಯುತ್ತೇನೆ, ನಿಮ್ಮ ಕ್ಷಮೆಯನ್ನು ವಾಪಸು ತೆಗೆದುಕೊಳ್ಳಿ ಅಂದೆ.

"ಎರಡು ರಾತ್ರಿ ಕಾದ ಅನ್ನುವುದನ್ನು ಬರೆಯೋಣ," ಅಂದರು ಅಜ್ಜಿ. "ಕ್ಷಮೆ ಹಾಗೇ ಇರಲಿ. ಅವರು ಹೋದದ್ದು ಅವನ ಮಾತಿನ ಮೇಲೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯಿಂದ ಆ ಊರಿಗೆ ಒಂದು ಕಾಗದ ಹೋಗಿರಲಿಲ್ಲ."

ಇತಿಹಾಸಕಾರ್ತಿ ಪ್ರದರ್ಶನದ ಕರಪತ್ರವೊಂದರ ಹಿಂದೆ ಬರೆಯಲು ಕೂತರು, ಅಜ್ಜಿ ಹೇಳುತ್ತ ಹೋದರು. ಆರು ಜನರ ಹೆಸರು ಪೂರ್ತಿ ಇರಬೇಕು, ಮೊದಲನೆಯ ಪತ್ರದಲ್ಲಿ ಇರಲಿಲ್ಲ ಅಂದರು. ಫಲಕದವರೆಗೆ ಎದ್ದು ಹೋಗಬೇಕಾಗಿರಲಿಲ್ಲ. ನೀರು ತೊಳೆದುಹಾಕಿದ್ದ ಆ ಹೆಸರುಗಳನ್ನು ಒಂದೊಂದೇ ಅಕ್ಷರ ಹೊರತೆಗೆದವನು ನಾನು, ನನಗೆ ಬಾಯಿಪಾಠವಿದ್ದವು. ಮೊದಲನೆಯದು ಹೇಳಿದೆ, ಅವರು ಬರೆದರು. ಎರಡನೆಯದು, ಮೂರನೆಯದು. ನಾಲ್ಕನೆಯ ಹೆಸರಿನ ಪಕ್ಕದಲ್ಲಿ ಮಾಸ್ಟರ್ ಚಿಕ್ಕ ಅಕ್ಷರದಲ್ಲಿ, ಹಾಯಿ ಹೊಲಿಯುವವನ ತಮ್ಮ, ಎಂದು ಬರೆದಿದ್ದ. ಹಾಯಿ ಹೊಲಿಯುವವನು ಹಡಗಿನಲ್ಲೇ ಉಳಿದವನು. ಆ ಹೆಸರು ಹೇಳಲು ಬಾಯಿ ತೆರೆದೆ. ಜನವರಿಯಿಂದ ಬಾರದಿದ್ದ ಅಳು ಅಲ್ಲಿ, ಆ ಬೆಂಚಿನ ಮೇಲೆ, ಇಬ್ಬರು ಹೆಂಗಸರ ಎದುರಿಗೆ ಬಂತು. ಇತಿಹಾಸಕಾರ್ತಿ ಪೆನ್ನನ್ನು ಕಾಗದದ ಮೇಲೆಯೇ ಹಿಡಿದಿದ್ದರು. ಅಜ್ಜಿ ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡರು. ಇಬ್ಬರೂ ಕಾದರು.